ಡಬ್ಬಿ ಮೇಲೆ ಹೂವು, ಒಳಗೆ ವೆನಿಲಿನ್ ಪುಡಿ

ಮತ್ತೆ ಅದೇ ಹೂವು! ಸೂಪರ್‌ಮಾರ್ಕೆಟ್ಟಿನ ಫ್ರೀಜರಿಗೆ ಹೊಸದಾಗಿ ಬಂದು ಕೂತಿರುವ 'ಪ್ರೀಮಿಯಂ' ವೆನಿಲ್ಲಾ ಐಸ್‌ಕ್ರೀಂ ಡಬ್ಬಿ. ಮುಚ್ಚಳದ ಮೇಲೆ ವೆನಿಲ್ಲಾ ಬಳ್ಳಿಯ ತಿಳಿಹಳದಿ ಆರ್ಕಿಡ್ ಹೂವು, ಪಕ್ಕದಲ್ಲಿ ಅದರದೇ ಎರಡು ಕಪ್ಪು ಕೋಡು, ಅಂದರೆ ಒಣಗಿಸಿದ ಕಾಯಿ. ತಿರುಗಿಸಿ ನೋಡಿದರೆ ಇರುವೆಗೆ ಮಾತ್ರ ಕಾಣುವಂಥ ಅಕ್ಷರದಲ್ಲಿ 'ನೇಚರ್ ಐಡೆಂಟಿಕಲ್ ಫ್ಲೇವರ್' ಅಂತಿದೆ. ವೆನಿಲ್ಲಾ ವಿಷಯಕ್ಕೆ ಬಂದರೆ ನಾನು ಬಾಯಿ ಮುಚ್ಚಿಕೊಂಡು ಇರಲ್ಲ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಪೋಸ್ಟ್ ಉದ್ದ ಆಗುತ್ತೆ, ಬೇಡದವರು ಈಗಲೇ ಸ್ಕ್ರೋಲ್ ಮಾಡಿ.

ಲೇಬಲ್ಲಿನಲ್ಲಿ ಬರುವ ಫ್ಲೇವರ್‌ಗಳದ್ದು ಮೂರು ಜಾತಿ. 'ನ್ಯಾಚುರಲ್' ಅಂದರೆ ಗಿಡಮೂಲದಂಥ ನೈಸರ್ಗಿಕ ವಸ್ತುವಿನಿಂದ ತೆಗೆದದ್ದು. 'ನೇಚರ್ ಐಡೆಂಟಿಕಲ್' ಅಂದರೆ ಪ್ರಕೃತಿಯಲ್ಲಿರುವ ಅಣುವನ್ನೇ ಕಾರ್ಖಾನೆಯಲ್ಲಿ ಮಾಡಿದ್ದು. ಈ ಐಸ್‌ಕ್ರೀಮಿನ ಮಟ್ಟಿಗೆ ಅದು ವೆನಿಲಿನ್, ಅಂದರೆ ವೆನಿಲ್ಲಾ ಪರಿಮಳದ ಮುಖ್ಯ ಅಣು; ಬಹುಪಾಲು ಪೆಟ್ರೋಲಿಯಂ ಮೂಲದ ಗ್ವಾಯಕಾಲ್ ಎಂಬ ರಾಸಾಯನಿಕದಿಂದ ತಯಾರಾಗುವ ಬಿಳಿ ಪುಡಿ. 'ಆರ್ಟಿಫಿಶಿಯಲ್' ಅಂದರೆ ಪ್ರಕೃತಿಯಲ್ಲಿ ಕಂಡೇ ಇಲ್ಲದ್ದು. ವೆನಿಲಿನ್‌ಗಿಂತ ಎರಡು ಮೂರು ಪಟ್ಟು ಘಾಟಾದ ಈಥೈಲ್ ವೆನಿಲಿನ್ ಇದಕ್ಕೆ ಉದಾಹರಣೆ. ಇವ್ಯಾವುದೂ ವಿಷ ಅಲ್ಲ, ಆ ವಾಟ್ಸಾಪ್ ಗಾಬರಿ ಇಲ್ಲಿಗೆ ತರಬೇಡಿ. ನನ್ನ ತಕರಾರು ಪುಡಿಯ ಮೇಲಲ್ಲ, ಹೂವಿನ ಮೇಲೆ.

ಆ ಹೂವಿನ ಹಿಂದೆ ಎಷ್ಟು ಕೆಲಸ ಇದೆ ಗೊತ್ತಾ? ಬೆಳಗಿನ ಜಾವ ಅರಳಿದರೆ ಮಧ್ಯಾಹ್ನದೊಳಗೆ ಬಾಡುತ್ತೆ. ಅಷ್ಟರೊಳಗೆ ಯಾರಾದರೂ ಸಣ್ಣ ಕಡ್ಡಿಯಿಂದ ಹೂವಿನ ಒಳಗಿನ ತೆಳು ಪೊರೆ ಎತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಹೂವಿನ ಹೆಣ್ಣು ಭಾಗದ ತುದಿಗೆ (ಶಲಾಕಾಗ್ರಕ್ಕೆ) ಒತ್ತಬೇಕು. ಒಂದೊಂದೇ ಹೂವಿಗೆ, ಪ್ರತಿದಿನ. ಈ ಸುಲಭದ ವಿಧಾನ ಕಂಡುಹಿಡಿದದ್ದು 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ. ಅದರಿಂದ ದ್ವೀಪದ ಧಣಿಗಳು ದುಡ್ಡು ಮಾಡಿದರು, ಆತ ಬಡವನಾಗೇ ಸತ್ತ.

ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ಹಸಿ ಕೋಡಿಗೆ ವಾಸನೆಯೇ ಇಲ್ಲ. 63–65 ಡಿಗ್ರಿ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಬೆವರಿಸಬೇಕು. ನೀರಿನ ಬಿಸಿ ಜಾಸ್ತಿಯಾದರೆ ಪರಿಮಳ ಬಿಡಿಸುವ ಕಿಣ್ವ ಸಾಯುತ್ತೆ, ಕಮ್ಮಿಯಾದರೆ ಕೋಡು ಸೀಳುತ್ತೆ. ಆಮೇಲೆ ದಿನಾ ಒಂದಿಷ್ಟು ಹೊತ್ತು ಬಿಸಿಲು, ನಂತರ ವಾರಗಟ್ಟಲೆ ನೆರಳು, ಕೊನೆಗೆ ಮುಚ್ಚಿದ ಡಬ್ಬದಲ್ಲಿ ಎರಡು ಮೂರು ತಿಂಗಳು. ನಡುವೆ ಒಂದು ಕೋಡಿಗೆ ಬೂಸಲು ಹಿಡಿದರೆ ಇಡೀ ಕಟ್ಟಿಗೆ ಹಬ್ಬುತ್ತೆ. ಐದಾರು ಕಿಲೋ ಹಸಿ ಕೋಡಿಗೆ ಕೈಗೆ ಸಿಗೋದು ಒಂದು ಕಿಲೋ, ಅದರಲ್ಲಿ ವೆನಿಲಿನ್ ಶೇ. 2ರ ಆಸುಪಾಸು.

ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬರೋದು ಮಡಗಾಸ್ಕರ್‌ನಿಂದ. ಅಲ್ಲಿ ಕಳ್ಳತನದ ಕಾಟಕ್ಕೆ ರೈತರು ಎಳೆ ಕೋಡಿನ ಮೇಲೆಯೇ ಗುಂಡುಸೂಜಿಯಿಂದ ತಮ್ಮ ಗುರುತು ಚುಚ್ಚುತ್ತಾರೆ. ಒಣಗಿದ ಮೇಲೂ ಆ ಚುಕ್ಕಿ ಹಾಗೇ ಇರುತ್ತೆ. ಕಳ್ಳರ ಹೆದರಿಕೆಗೆ ಬಲಿಯುವ ಮೊದಲೇ ಕೊಯ್ದರೆ ಪರಿಮಳ ಕಮ್ಮಿ, ರೇಟೂ ಕಮ್ಮಿ. 2018ರಲ್ಲಿ ಒಣ ವೆನಿಲ್ಲಾ ಕಿಲೋಗೆ 600 ಡಾಲರ್ ಮುಟ್ಟಿ ಬೆಳ್ಳಿಯನ್ನೂ ಹಿಂದೆ ಹಾಕಿತ್ತು. 2020ರಲ್ಲಿ ಅಲ್ಲಿನ ಸರ್ಕಾರ ರಫ್ತಿಗೆ 250 ಡಾಲರ್ ಕನಿಷ್ಠ ಬೆಲೆ ಇಟ್ಟಿತು, 2023ರಲ್ಲಿ ಅದನ್ನು ಕೈಬಿಟ್ಟ ಮೇಲೆ ದರ ನೆಲ ಕಚ್ಚಿತು. ಈ ಕಥೆ ನಮ್ಮ ಮಲೆನಾಡಿಗೇನು ಹೊಸದಲ್ಲ. 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಅಂತ ಅಡಿಕೆ ತೋಟದ ತುಂಬ ಬಳ್ಳಿ ಹಬ್ಬಿಸಿದರು, ರಾತ್ರಿ ಕಾವಲು ಕೂತರು. ಒಂದೆರಡು ವರ್ಷದಲ್ಲಿ ಕೇಳುವವರಿಲ್ಲ. ದರ ಏರಿದಾಗ ದೊಡ್ಡ ಕಂಪನಿಗಳು ಪುಡಿಗೆ ಜಾರುತ್ತವೆ, ಇಳಿದ ಮೇಲೂ ತಿರುಗಿ ಬರಲ್ಲ. ಡಬ್ಬಿ ಮೇಲಿನ ಚಿತ್ರ ಮಾತ್ರ ಅಲ್ಲಾಡಲ್ಲ. ಅದಕ್ಕೆ ಕೂಲಿ ಇಲ್ಲವಲ್ಲ!

'ಅಯ್ಯೋ ಸಾರ್, ಎಲ್ಲರಿಗೂ ಕೊಡೋವಷ್ಟು ಅಸಲಿ ವೆನಿಲ್ಲಾ ಎಲ್ಲಿದೆ? ಹಾಕಿದರೆ ಮೂವತ್ತು ರೂಪಾಯಿಗೆ ಕೋನ್ ಸಿಗುತ್ತಾ?' ಅಂತ ಒಬ್ಬರಾದರೂ ಕೇಳೇ ಕೇಳ್ತೀರಿ. ನಿಜ, ಸಿಗಲ್ಲ. ಒಂದು ಲೀಟರ್ ಐಸ್‌ಕ್ರೀಮಿಗೆ ಒಂದು ಒಳ್ಳೇ ಕೋಡು, ಅಂದರೆ ಸುಮಾರು ಮೂರು ಗ್ರಾಂ ಬೇಕು. ಅದರ ವೆನಿಲಿನ್ ಅಂದಾಜು 60 ಮಿಲಿಗ್ರಾಂ. ಅಷ್ಟೇ ಪುಡಿ ಕಾರ್ಖಾನೆಯಿಂದ ಪೈಸೆ ಲೆಕ್ಕದಲ್ಲಿ ಬರುತ್ತೆ. ಸರಿ, ಪುಡಿ ಹಾಕಿ, ಮೂವತ್ತಕ್ಕೇ ಮಾರಿ, ನಾನೂ ತಿಂತೀನಿ. ಹೂವು ಯಾಕೆ ಬರೀತೀರಿ ಅನ್ನೋದಷ್ಟೇ ನನ್ನ ಪ್ರಶ್ನೆ. ಅದೂ ಮೂವತ್ತರ ಕೋನಿನ ಮೇಲಲ್ಲ, 'ಪ್ರೀಮಿಯಂ' ಅಂತ ಜಾಸ್ತಿ ಕಾಸು ಕಿತ್ತುಕೊಳ್ಳುವ ಡಬ್ಬಿಯ ಮೇಲೆ.

ಇನ್ನು ಕೆಲವು ವೆನಿಲ್ಲಾ ಐಸ್‌ಕ್ರೀಮಿನೊಳಗೆ ಕಾಣುವ ಕಪ್ಪು ಚುಕ್ಕಿಗಳು. ಚುಕ್ಕಿ ಕಂಡ ಕೂಡಲೇ 'ನೋಡಿ, ಅಸಲಿ' ಅನ್ನಬೇಡಿ. ಎಕ್ಸ್‌ಟ್ರ್ಯಾಕ್ಟಿಗೆ ಆಲ್ಕೋಹಾಲಿನಲ್ಲಿ ನೆನೆಸಿ ಸಾರವೆಲ್ಲ ಹಿಂಡಿ ತೆಗೆದ ಕೋಡಿನ ಚರಟವನ್ನು ಒಣಗಿಸಿ ಪುಡಿ ಮಾಡಿ ಮಾರುತ್ತಾರೆ. ಅದರಲ್ಲಿ ಪರಿಮಳ ಉಳಿದಿರೋದು ಅಷ್ಟಕ್ಕಷ್ಟೆ, ಅದು ಇರೋದೇ ಕಣ್ಣಿಗೆ. ಪರಿಮಳಕ್ಕೆ ಬಿಳಿ ಪುಡಿ, ನಂಬಿಕೆಗೆ ಕರಿ ಪುಡಿ!

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. ಬರೀ ಅಸಲಿ ಇದ್ದರೆ 'ವೆನಿಲ್ಲಾ ಐಸ್‌ಕ್ರೀಂ'. ಕೃತಕವೂ ಇದ್ದು ಅಸಲಿಯದೇ ಮೇಲುಗೈಯಾದರೆ 'ವೆನಿಲ್ಲಾ ಫ್ಲೇವರ್ಡ್'. ಕೃತಕದ್ದೇ ಮೇಲುಗೈಯಾದರೆ ಹೆಸರಿನಲ್ಲೇ 'ಆರ್ಟಿಫಿಶಿಯಲ್' ಅಂತ ಹಾಕಬೇಕು. ನಮ್ಮ 'ಪ್ರೀಮಿಯಂ'ನವರೂ ಡಬ್ಬಿಯ ಮುಂಭಾಗದಲ್ಲೇ ಇಷ್ಟು ಬರೆದರೆ ಯಾರ ಗಂಟು ಹೋಗುತ್ತೆ?

ಅಲ್ಲಿವರೆಗೆ ಡಬ್ಬಿ ಮೇಲೆ ಗ್ರಾಹಕರ ಇಮೇಲ್ ಇದ್ದೇ ಇರುತ್ತೆ. ಮೂರೇ ಸಾಲು ಬರೆದು ಕಳಿಸಿ: ಇದರಲ್ಲಿ ಎಕ್ಸ್‌ಟ್ರ್ಯಾಕ್ಟ್ ಶೇಕಡಾ ಎಷ್ಟು? ಕೋಡು ಯಾವ ದೇಶದ್ದು? ಚುಕ್ಕಿ ಸಾರ ತೆಗೆಯುವ ಮುಂಚಿನದ್ದೋ, ಆಮೇಲಿನದ್ದೋ? 'ನಮ್ಮ ಉತ್ಪನ್ನ ಎಲ್ಲ ಮಾನದಂಡಗಳನ್ನು ಪಾಲಿಸುತ್ತದೆ' ಅಂತಷ್ಟೇ ಉತ್ತರ ಬಂದರೆ ಅದನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿ.