199 ಡಾಲರ್ 99 ಸೆಂಟಿನ ಸಂಸದ

ಅಮೆರಿಕದ ಮಾಜಿ ಸಂಸದ ಜಾರ್ಜ್ ಸ್ಯಾಂಟೋಸ್ ಬಯೋಡೇಟಾ ಓದಿದರೆ ಮಗ ಅಂದ್ರೆ ಇಂಥವನಿರಬೇಕು ಅನ್ನಿಸುತ್ತಿತ್ತು. ಬರೂಕ್ ಕಾಲೇಜಿನ ಪದವಿ, ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಕೆಲಸ, ಸಿಟಿಗ್ರೂಪ್‌ನಲ್ಲೂ ಕೆಲಸ. ಸಾಲದ್ದಕ್ಕೆ ಕಾಲೇಜಿನ ವಾಲಿಬಾಲ್ ಟೀಮಿಗಾಗಿ ಎರಡೂ ಮಂಡಿ ಕಳಕೊಂಡು ಹೊಸ ಮಂಡಿ ಹಾಕಿಸಿಕೊಂಡೆ ಅಂತ ರೇಡಿಯೋದಲ್ಲಿ ಬೇರೆ ಹೇಳಿದ್ದರು. ಆ ಕಾಲೇಜಿಗೆ ಸೇರದೇ ಮಂಡಿ ಎಲ್ಲಿ ಸವೆಸಿದರೋ!

2022ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ 3ನೇ ಕ್ಷೇತ್ರದ ಜನ ಇವರನ್ನು ಗೆಲ್ಲಿಸಿದರು. ಈ ಮನುಷ್ಯನ ಲೆಕ್ಕ ಯಾಕೋ ತಾಳೆಯಾಗ್ತಿಲ್ಲ ಅಂತ ಲಾಂಗ್ ಐಲೆಂಡಿನ ನಾರ್ತ್ ಶೋರ್ ಲೀಡರ್ ಅನ್ನುವ ಸಣ್ಣ ಪತ್ರಿಕೆ ಚುನಾವಣೆಗೆ ಮುಂಚೆಯೇ ಬರೆದಿತ್ತು. ಊರ ಪೇಪರು ಅಲ್ವಾ, ಯಾರು ಕೇಳ್ತಾರೆ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಬಯೋಡೇಟಾ ಸುಳ್ಳು ಅಂತ ಬರೆದ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಹೌದು, ಬಯೋಡೇಟಾಕ್ಕೆ ಸ್ವಲ್ಪ ಬಣ್ಣ ಹಚ್ಚಿದ್ದೆ ಅಂದರು ಸ್ಯಾಂಟೋಸ್. ಗೋಡೆಯೇ ಇರಲಿಲ್ಲ ಅನ್ನೋದನ್ನು ಹೇಳಲಿಲ್ಲ.

ಹಾಗಾದ್ರೆ ಪಕ್ಷ ಹೊರಗೆ ಹಾಕಿತಾ? ಎಲ್ಲಿ ಸ್ವಾಮಿ! ಇವರ ರಿಪಬ್ಲಿಕನ್ ಪಕ್ಷಕ್ಕೆ ಕೆಳಮನೆಯ 435ರಲ್ಲಿ ಇದ್ದದ್ದು ಬರೀ 222 ಸೀಟು. ಪಕ್ಷದ ನಾಯಕ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗೋಕೆ 15 ಸುತ್ತು ಮತದಾನ ಬೇಕಾಯಿತು, ಸ್ಯಾಂಟೋಸ್ ವೋಟು ಅಷ್ಟೂ ಸಲ ಅವರಿಗೇ. ಪದವಿ ಖೊಟ್ಟಿಯಾದರೇನು, ವೋಟು ಅಸಲಿ ತಾನೇ.

ನನಗೆ ತುಂಬಾ ಇಷ್ಟವಾದ ಭಾಗ ಇದು. ಕೊರೋನಾ ಕಾಲದಲ್ಲಿ ವರ್ಷಕ್ಕೆ 1,20,000 ಡಾಲರ್ ಸಂಬಳ ಎಣಿಸಿಕೊಳ್ತಾ, ಅಯ್ಯೋ ನನಗೆ ಕೆಲಸವಿಲ್ಲ ಅಂತ ಅರ್ಜಿ ಹಾಕಿ, 24,000 ಡಾಲರಿಗೂ ಜಾಸ್ತಿ ನಿರುದ್ಯೋಗ ಭತ್ಯೆ ತಗೊಂಡಿದ್ದರು. ಸಂಸತ್ತಿಗೆ ಹೋದ ಮೇಲೆ, ಸುಳ್ಳು ಹೇಳಿ ಆ ಭತ್ಯೆ ಹೊಡೆದವರಿಂದ ದುಡ್ಡು ವಸೂಲಿ ಮಾಡುವ ಮಸೂದೆಗೆ ಇವರದ್ದೂ ಒಂದು ಹೆಸರು! ವಿಷಯ ಗೊತ್ತಿರೋರು ಒಬ್ಬರಾದರೂ ಇರಬೇಕಲ್ಲ.

ಇನ್ನು ಚುನಾವಣಾ ಖರ್ಚಿನ ಲೆಕ್ಕ. 200 ಡಾಲರ್ ದಾಟಿದರೆ ರಸೀದಿ ಇಟ್ಟುಕೊಳ್ಳಬೇಕು ಅನ್ನುವುದು ಅಲ್ಲಿನ ನಿಯಮ. ಇವರ ಪಟ್ಟಿ ತೆಗೆದು ನೋಡಿ. ಇಟಾಲಿಯನ್ ಹೋಟೆಲಿನ ಊಟ, 199.99. ಮಯಾಮಿಯಲ್ಲಿ ರೂಮು, 199.99. ಊಬರ್, ಅದೂ 199.99. ಮನೆಯಿಂದ ಎಷ್ಟು ದೂರ ಹೋದರೆ ಆ ಒಂದು ಸೆಂಟು ಉಳಿಯುತ್ತೆ ಅಂತ ಡ್ರೈವರನ್ನೇ ಕೇಳಬೇಕು. ಉಳಿದ ದುಡ್ಡು ಬೊಟಾಕ್ಸ್‌ಗೂ ಹರ್ಮೀಸ್ ಅಂಗಡಿಗೂ ಹೋಗಿತ್ತು ಅಂತ ಸಂಸತ್ತಿನ ನೈತಿಕ ಸಮಿತಿಯೇ ಬರೆದಿಟ್ಟಿತು.

ಆ ವರದಿ ಬಂದಿದ್ದೇ ತಡ, ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು. 2023ರ ಡಿಸೆಂಬರ್ 1ರಂದು 311–114 ಮತಗಳಲ್ಲಿ ಉಚ್ಚಾಟನೆ, ಒಂದು ಅವಧಿಯೂ ಪೂರ್ತಿಯಾಗಲಿಲ್ಲ. ಕಲ್ಲು ಹೊಡೆದವರಲ್ಲಿ 105 ಜನ ಸ್ವಂತ ಪಕ್ಷದವರು.

2025ರ ಏಪ್ರಿಲ್‌ನಲ್ಲಿ ಮೋಸದ ಕೇಸಿನಲ್ಲಿ 87 ತಿಂಗಳ ಜೈಲು ಶಿಕ್ಷೆಯಾಯಿತು. ಜುಲೈನಲ್ಲಿ ಒಳಗೆ, ಅಕ್ಟೋಬರ್‌ನಲ್ಲಿ ಹೊರಗೆ. ಟ್ರಂಪ್ ಬಿಡಿಸಿದರು. ಯಾವಾಗಲೂ ರಿಪಬ್ಲಿಕನ್ ಪರವಾಗಿ ವೋಟು ಹಾಕ್ತಿದ್ದ ಅಂತ ಹೊಗಳಿಯೂ ಬಿಟ್ಟರು. ಜೊತೆಗೆ ಮೋಸಹೋದವರಿಗೆ ಕಟ್ಟಬೇಕಿದ್ದ ಸುಮಾರು 3,73,000 ಡಾಲರ್ ಪರಿಹಾರವೂ ಮಾಫಿ. ಸ್ಯಾಂಟೋಸ್ ಕೇಳದೇ ಉಜ್ಜಿದ್ದ ಕ್ರೆಡಿಟ್ ಕಾರ್ಡುಗಳು ಅವರದೇ ಪ್ರಚಾರಕ್ಕೆ ದೇಣಿಗೆ ಕೊಟ್ಟವರದ್ದು. ಪಕ್ಷನಿಷ್ಠೆಯಲ್ಲಿ ಅವರೇನು ಕಮ್ಮಿ ಇದ್ದರಾ ಪಾಪ?