ಬೋಳು ಫೋನು

ಕೆಲವು ವಾರಗಳ ಹಿಂದೆ ಒಂದು ಬೆಳಿಗ್ಗೆ ಮಂಗಳೂರಿನ ಹಂಪನಕಟ್ಟೆಗೆ ಹೋಗುವ ಬಸ್ಸಿನಲ್ಲಿ ಒಂದು ಟಿಕೆಟಿಗಾಗಿ ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಣ ಇರಲಿಲ್ಲವೆಂದಲ್ಲ. ಖಾತೆಯಲ್ಲಿ ಹಣವಿತ್ತು, ಕೈಯಲ್ಲಿ ಫೋನಿತ್ತು, ಫೋನಿನೊಳಗೆ ಹಣ ಕಳುಹಿಸುವ ಆ್ಯಪ್ ಕೂಡ ಇತ್ತು. ಅದು ಒಳಗೆ ಎಲ್ಲಿದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ತಿಳಿದಿದ್ದವರು ಒಬ್ಬರೇ, ನನ್ನ ಹೆಂಡತಿಯ ಅಣ್ಣ. ಅವರು ಆ ಹೊತ್ತಿಗೆ ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಆಟಿ ತಿಂಗಳಿನ ಮಳೆಯನ್ನು ನೋಡುತ್ತಾ ಪತ್ರೊಡೆ ತಿನ್ನುತ್ತಿದ್ದರು.

ಭಾವ ಮಸ್ಕತ್ತಿನಲ್ಲಿ ಇರುವವರು. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ. ನಮ್ಮೂರ ಈ ಪದ್ಧತಿಯಿಂದಾಗಿ ನಮ್ಮಿಬ್ಬರಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆಂದು ಪಕ್ಕದ ಮನೆಯವರಿಗೆ ಎಂದೂ ಗೊತ್ತಾಗುವುದಿಲ್ಲ. ಈ ಸಲ ರಜೆಗೆ ಬಂದ ಎರಡನೆಯ ದಿನವೇ ನನ್ನ ಫೋನನ್ನು ಕೈಗೆತ್ತಿಕೊಂಡು, ಮದುವೆ ಮನೆಯಲ್ಲಿ ಕೊರಳಿಗೆ ಏನೂ ಹಾಕಿಕೊಳ್ಳದ ಹೆಂಗಸನ್ನು ನೋಡುವಂತೆ ನೋಡಿ, "ಎಂತ ಭಾವ, ನಿಮ್ಮ ಫೋನು ಹೀಗೆ ಬೋಳು ಬೋಳು ಉಂಟಲ್ಲ" ಎಂದರು.

ಬೋಳು ಎಂದರೆ, ನಾಲ್ಕು ಸಾಲು ಐಕನ್‌ಗಳು. ಅಷ್ಟೇ. ಬಲಗಡೆಯ ಕೆಳಮೂಲೆಯಲ್ಲಿ, ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿ, ಹಣ ಕಳುಹಿಸುವ ಆ್ಯಪ್, ಅದರ ಮೇಲೆ ಕ್ಯಾಮೆರಾ, ಎಡಗಡೆಗೆ ವಾಟ್ಸ್‌ಆ್ಯಪ್. ಹೆಂಡತಿ ಕತ್ತಲಲ್ಲಿಯೂ ಸಾಸಿವೆ ಡಬ್ಬಿಗೆ ಕೈಹಾಕುವಂತೆ ನಾನು ಕಣ್ಣು ಮುಚ್ಚಿಕೊಂಡು ಇವುಗಳನ್ನು ಮುಟ್ಟಬಲ್ಲವನಾಗಿದ್ದೆ.

ಇನ್ನು ಭಾವನ ಫೋನನ್ನು ನೀವು ನೋಡಬೇಕು. ಮೇಲ್ಗಡೆ ಎರಡು ಗಡಿಯಾರಗಳು, ಒಂದು ಮಸ್ಕತ್ತಿನದು, ಇನ್ನೊಂದು ಊರಿನದು. ಅದರ ಕೆಳಗೆ ಎರಡೂ ಊರುಗಳ ಸೆಕೆ. ಒಂದು ಚೌಕದಲ್ಲಿ ಚಿನ್ನದ ದರ, ಪಕ್ಕದ ಚೌಕದಲ್ಲಿ ರಿಯಾಲಿನ ದರ. ನಡೆದ ಹೆಜ್ಜೆಗಳನ್ನು ಎಣಿಸುವ ಒಂದು ಬಳೆ. ಕುಡಿದ ನೀರನ್ನು ಎಣಿಸುವ ಒಂದು ಲೋಟ. ಬ್ಯಾಟರಿ ಎಷ್ಟಿದೆ ಎಂದು ಫೋನು ತನ್ನ ನೆತ್ತಿಯ ಮೇಲೆ ಹೇಗೂ ತೋರಿಸುತ್ತಿರುತ್ತದೆ. ಅದು ಸಾಲದೆಂದು ನಡುವೆ ದೊಡ್ಡ ಅಂಕಿಯಲ್ಲಿ ಇನ್ನೊಮ್ಮೆ. ಬ್ಯಾಟರಿ ಏಕೆ ಬೇಗ ಮುಗಿಯುತ್ತದೆ ಎಂದು ಭಾವ ದಿನವೂ ಕೇಳುತ್ತಾರೆ. ಎಲ್ಲದರ ಅಡಿಯಲ್ಲಿ, ಹಿಂದಿನ ದಿನದವರೆಗೆ 'ಊರಿಗೆ ಇನ್ನು 1 ದಿನ' ಎಂದು ತೋರಿಸುತ್ತಿದ್ದು, ಬಜ್ಪೆಯಲ್ಲಿ ವಿಮಾನ ಇಳಿದೊಡನೆ 'ಮಸ್ಕತ್ತಿಗೆ ಇನ್ನು 24 ದಿನ' ಎಂದು ತಿರುಗಿಕೊಂಡ ಒಂದು ಫಲಕ. ಒಟ್ಟು ಒಂಬತ್ತು ವಿಜೆಟ್‌ಗಳು, ಎಂದರೆ ಆ್ಯಪಿನ ಒಳಗಿನದನ್ನು ಪರದೆಯ ಮೇಲೆಯೇ ತೋರಿಸುವ ಫಲಕಗಳು. ಐಕನ್ ಒಂದೂ ಕಾಣಿಸುವುದಿಲ್ಲ. ಆ ಫೋನಿನಿಂದ ಕರೆ ಮಾಡುವುದನ್ನು ಅವರು ಹೇಗೆ ಸಾಧಿಸುತ್ತಾರೋ ನಾನರಿಯೆ.

"ಆ್ಯಪ್ ತೆರೆಯುವ ಕೆಲಸವೇ ಇಲ್ಲ ಭಾವ, ಹೊರಗಿನಿಂದಲೇ ನೋಡಿದರಾಯಿತು" ಎಂದು ಅವರು ಸಮಜಾಯಿಷಿ ಕೊಟ್ಟರು. "ಉಡುಪಿಯಲ್ಲಿ ಕೃಷ್ಣನನ್ನು ಕಿಂಡಿಯಲ್ಲಿ ನೋಡುವುದಲ್ಲವಾ? ವಿಜೆಟ್ ಎಂದರೆ ಅದೇ." ಉಪಮೆಯನ್ನು ಮಾತ್ರ ಮೆಚ್ಚಬೇಕು. ಅಲ್ಲಿನ ನವಗ್ರಹ ಕಿಂಡಿಗೂ ರಂಧ್ರಗಳು ಒಂಬತ್ತೇ. ಆದರೆ ಅಲ್ಲಿ ಯಾವ ರಂಧ್ರದಲ್ಲಿ ಇಣುಕಿದರೂ ಒಳಗೆ ದೇವರಿದ್ದಾನೆ. ಇಲ್ಲಿ ಒಂಬತ್ತರಲ್ಲಿ ಇಣುಕಿದರೂ ಕಾಣುವುದು ನಾವು ಕುಡಿಯದೆ ಬಿಟ್ಟ ನೀರು. ಇಷ್ಟನ್ನು ನಾನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವರು ನನ್ನ ಫೋನನ್ನು ಹಿಡಿದು ಒಳಗಿನ ಕೋಣೆಗೆ ಹೋಗಿಯಾಗಿತ್ತು. ಹದಿಮೂರು ನಿಮಿಷಗಳ ನಂತರ ಹಿಂದಿರುಗಿಸಿದಾಗ ಅದು ನನ್ನ ಫೋನಾಗಿರಲಿಲ್ಲ.

ಈಗ ಬಸ್ಸಿಗೆ ಬರೋಣ. ಎಡಗೈ ಮೇಲಿನ ಸರಳಿನಲ್ಲಿ. ಅದೇ ಕೈಯ ಮಣಿಕಟ್ಟಿನಲ್ಲಿ ನೀರು ಸೋರುವ ಕೊಡೆ. ಕೊಡೆಯ ತುದಿಯಿಂದ ಕುಳಿತವರೊಬ್ಬರ ಮೊಣಕಾಲಿಗೆ ತೀರ್ಥ ಬೀಳುತ್ತಿತ್ತು. ಹೆಗಲಲ್ಲಿ ಬುತ್ತಿಯ ಚೀಲ. ಮಳೆಯೆಂದು ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಬೇಯಿಸಿದಂತಾಗಿತ್ತು. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಎನ್ನುತ್ತಾ, ಮುಂದೆ ಹೋಗಲು ಜಾಗವೇ ಇಲ್ಲದವರನ್ನು ಮುಂದಕ್ಕೆ ದಾಟಿಸುತ್ತಾ ನನ್ನ ಬಳಿಗೆ ಬಂದು, ಕೊರಳಲ್ಲಿ ನೇತಾಡುವ ಕ್ಯೂಆರ್ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದರು. ನನ್ನ ಹೆಬ್ಬೆರಳು ಎಂದಿನ ನಂಬಿಕೆಯಿಂದ ಕೆಳಮೂಲೆಗೆ ಇಳಿಯಿತು.

ಆ ಮೂಲೆಯಲ್ಲಿ ಭಾವ ಸಂಗೀತದ ವಿಜೆಟ್ ಇಟ್ಟಿದ್ದರು. ಹಿಂದಿನ ರಾತ್ರಿ ನಾನು ಅರ್ಧ ಕೇಳಿ ಬಿಟ್ಟಿದ್ದ ಯಕ್ಷಗಾನದ ಯುದ್ಧದ ಭಾಗ ಅಲ್ಲಿಂದಲೇ ಎದ್ದುಬಂತು. ತೆಂಕುತಿಟ್ಟಿನ ಚೆಂಡೆಯ ಪೆಟ್ಟು, ಕಿಟಕಿ ಮುಚ್ಚಿದ ಬಸ್ಸಿನೊಳಗೆ, ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದರು. ನಿಲ್ಲಿಸೋಣವೆಂದು ಒತ್ತಿದರೆ, ಕಡಲೆಕಾಳಿನ ಗಾತ್ರದ ಮೂರು ಗುಂಡಿಗಳಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದು 'ಮುಂದಿನದು' ಎಂಬ ಗುಂಡಿ. ಯುದ್ಧ ನಿಂತಿತು, ಭಾಗವತರು ಹೊಸದಾಗಿ ಇನ್ನೊಂದು ಪದ್ಯವನ್ನು ಎತ್ತಿಕೊಂಡರು.

ಕಂಡಕ್ಟರ್ ಒಂದು ಕ್ಷಣ ಕೇಳಿಸಿಕೊಂಡು ಹೇಳಿದರು: "ಯಜಮಾನ್ರೆ, ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಬಸ್ಸಿಗೆ ಉಂಟು."

ಹಿಂದಿನ ಸೀಟಿನವರೆಗೆ ನಗು ಹರಡಿತು. ಬಸ್ಸು ಲಾಲ್‌ಬಾಗ್ ದಾಟಿತು. ನಾನು ಪುಟ ಸರಿಸಿದೆ. ಅಲ್ಲಿ ಹೆಂಡತಿಯ ಮುಖವಿರುವ ಒಂದು ಚಿಕ್ಕ ಚೌಕವಿತ್ತು. ಅದನ್ನು ಚಿತ್ರವೆಂದು ನಾನು ತಿಳಿದದ್ದು ತಪ್ಪು. ಅದು ಮುಟ್ಟಿದೊಡನೆ, ಹೌದೇ ಅಲ್ಲವೇ ಎಂದು ಒಂದು ಮಾತೂ ಕೇಳದೆ, ನೇರ ಕರೆ ಹೋಗುವ ವಿಜೆಟ್. ಮನೆಯಿಂದ ಹೊರಟು ಹತ್ತು ನಿಮಿಷಕ್ಕೆ ಗಂಡನ ಕರೆ ಬಂದರೆ ಯಾವ ಹೆಂಗಸು ತಾನೆ ಹೆದರುವುದಿಲ್ಲ? "ಎಂತ ಆಯ್ತು? ಎಲ್ಲಿ ಬಿದ್ದದ್ದು?" ಎಂಬ ಅವಳ ಕೂಗು ಸ್ಪೀಕರಿನಲ್ಲಿ ಇಡೀ ಬಸ್ಸಿಗೆ ಕೇಳಿಸಿತು. ಬಿದ್ದಿಲ್ಲ ಎಂದೆ. ಆಕೆಗೆ ನಂಬಿಕೆ ಬರಲಿಲ್ಲ. ಕರೆ ಕತ್ತರಿಸಿದೊಡನೆ, ಅಷ್ಟು ಹೊತ್ತು ಮರ್ಯಾದೆಯಿಂದ ಸುಮ್ಮನಿದ್ದ ಭಾಗವತರು ಬಿಟ್ಟಲ್ಲಿಂದ ಮುಂದುವರಿಸಿದರು.

ಬಲ್ಲಾಳ್‌ಬಾಗೂ ದಾಟಿತು. ಬಸ್ಸಿನ ಚಾವಣಿಯ ಒಂದು ತೂತಿನಿಂದ ನನ್ನ ಕುತ್ತಿಗೆಗೆ ನೀರು ಹನಿಯುತ್ತಿರುವಾಗ, ಲೋಟದ ವಿಜೆಟ್ ನೀಲಿಯಾಗಿ ಮಿನುಗಿ, ನೀರು ಕುಡಿಯುವ ಸಮಯವಾಯಿತೆಂದು ತಿಳಿಸಿತು. ಹೆಜ್ಜೆಯ ಬಳೆ ಇಂದು ನಾನು ನಡೆದದ್ದು ತೀರ ಕಡಿಮೆಯೆಂದು ಬೇಸರ ವ್ಯಕ್ತಪಡಿಸಿತು. ಚಿನ್ನದ ದರವೂ ಕಾಣಿಸಿತು. ನನಗೆ ಬೇಕಾಗಿದ್ದದ್ದು ಬಸ್ಸಿನ ಟಿಕೆಟಿನ ದರ. ಹಣದ ಆ್ಯಪ್ ಎಲ್ಲಿಯೂ ಇಲ್ಲ. ಭಾವ ಅದನ್ನು ಮೂರನೆಯ ಪುಟದ ಒಂದು ಕಟ್ಟಿನೊಳಗೆ, ಬ್ಯಾಂಕು ವಿಮೆಗಳ ಜೊತೆ, 'ಫೈನಾನ್ಸ್' ಎಂಬ ಗಂಭೀರ ಹೆಸರಿನಡಿಯಲ್ಲಿ ತುಂಬಿಟ್ಟಿದ್ದರೆಂದು ನನಗೆ ತಿಳಿದದ್ದು ಸಂಜೆ.

ಕೊನೆಗೆ ಕಂಡಕ್ಟರೇ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಪರದೆಯನ್ನು ಮೇಲಕ್ಕೆ ದೂಡಿ, ಹುಡುಕುವ ಪಟ್ಟಿಯಲ್ಲಿ ಎರಡು ಅಕ್ಷರ ಒತ್ತಿ, ಆ್ಯಪ್ ತೆರೆದು ನನ್ನ ಮುಂದೆ ಹಿಡಿದರು. ಮೂರು ಸೆಕೆಂಡು ಹಿಡಿಯಲಿಲ್ಲ. ಮೊದಲು ಭಾಗವತರನ್ನು ನಿಲ್ಲಿಸಿಯೂ ಕೊಟ್ಟರು.

"ದಿನಕ್ಕೆ ಎಷ್ಟು ಫೋನು ನೋಡುತ್ತೇನೆ ಯಜಮಾನ್ರೆ," ಎಂದರು ನನ್ನ ಗುಪ್ತಸಂಖ್ಯೆಗೆ ಮರ್ಯಾದೆಯಿಂದ ಮುಖ ತಿರುಗಿಸಿ. "ಬರೀ ಚುಕ್ಕಿ ಚುಕ್ಕಿ ಇರುವ ಫೋನಿನವರು ಒಂದು ಸ್ಟಾಪಿನೊಳಗೆ ಕೊಡುತ್ತಾರೆ. ಈ ದೊಡ್ಡ ದೊಡ್ಡ ಬೋರ್ಡು ಇಟ್ಟವರಿಗೆ ಎರಡು ಸ್ಟಾಪ್ ಬೇಕೇ ಬೇಕು. ಹಣದ್ದು ಕೆಳಗೆ ಇಡಿ."

ಹೋಮ್ ಸ್ಕ್ರೀನ್ ಹೇಗಿರಬೇಕು ಎಂಬುದರ ಬಗ್ಗೆ ಇದಕ್ಕಿಂತ ಅನುಭವದ ಮಾತನ್ನು ನಾನು ಕೇಳಿಲ್ಲ. ಫೋನು ತಯಾರಿಸುವವರು ತಂಪು ಕೋಣೆಯಲ್ಲಿ, ಕುರ್ಚಿಯ ಮೇಲೆ, ಎರಡೂ ಕೈ ಬಿಡುವಾಗಿರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಆ ಪುಣ್ಯಾತ್ಮನಿಗೆ ವಿಜೆಟ್ ಒಳ್ಳೆಯದೇ, ಅವನು ನೋಡುವವನು. ಸರಳಿಗೆ ಜೋತುಬಿದ್ದವನಿಗೆ ನೋಡುವುದಕ್ಕೆ ಏನೂ ಬೇಡ, ಬೇಕಾದದ್ದನ್ನು ಒತ್ತುವುದಕ್ಕೆ ಒಂದು ಜಾಗ ಸಾಕು, ಮತ್ತು ಆ ಜಾಗ ನಿನ್ನೆ ಇದ್ದಲ್ಲಿಯೇ ಇಂದೂ ಇರಬೇಕು.

ಸಂಜೆ ಮನೆಯಲ್ಲಿ ಇದನ್ನೇ ವಾದಿಸಿದೆ. ಭಾವ ಚರಿತ್ರೆಯನ್ನು ತೆಗೆದರು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿಯೇ ವಿಜೆಟ್ ಇತ್ತಂತೆ. ಐಫೋನಿನವರು 2007ರಿಂದ ಹದಿಮೂರು ವರ್ಷ ಹೋಮ್ ಸ್ಕ್ರೀನಿನಲ್ಲಿ ಐಕನ್ ಬಿಟ್ಟು ಬೇರೇನೂ ಬೇಡವೆಂದು ಹಟ ಹಿಡಿದು, ಕೊನೆಗೆ 2020ರಲ್ಲಿ ತಾವೂ ಇಟ್ಟರಂತೆ. "ಅವರೇ ಸೋತರು, ನೀವು ಇನ್ನೆಷ್ಟು ವರ್ಷ ಭಾವ?" ಎಂದರು. ಈ ವರ್ಷಗಳೆಲ್ಲ ಸರಿಯಾಗಿಯೇ ಇವೆ, ನಾನು ಆಮೇಲೆ ನೋಡಿದೆ. ಆದರೆ ಹದಿಮೂರು ವರ್ಷ ಯೋಚಿಸಿ ಮಾಡುವ ಕೆಲಸವನ್ನು ಅವರು ನನ್ನ ಫೋನಿನಲ್ಲಿ ಹದಿಮೂರು ನಿಮಿಷಕ್ಕೆ ಮುಗಿಸಿದರೆಂಬುದೇ ನನ್ನ ದೂರು. "ನಿಮ್ಮ ತಂಗಿಯ ಅಡುಗೆಮನೆಯ ಡಬ್ಬಿಗಳನ್ನು ಒಮ್ಮೆ ಹೀಗೆ ಜೋಡಿಸಿಕೊಡಿ ನೋಡುವ" ಎಂದೆ. ತಂಗಿ ಒಳಗಿನಿಂದ ಕೆಮ್ಮಿದಳು. ಭಾವ ಆ ವಿಷಯವನ್ನು ಮುಂದುವರಿಸಲಿಲ್ಲ.

ಹವಾಮಾನದ ವಿಜೆಟ್ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆಂಡ್ರಾಯ್ಡಿನ ಸಾಮಾನ್ಯ ಏರ್ಪಾಡಿನಲ್ಲಿ ವಿಜೆಟ್ ತನ್ನಷ್ಟಕ್ಕೆ ಹೊಸದಾಗುವುದು ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಚಾಲೂ ಇದ್ದರೆ ಇನ್ನೂ ತಡ. ಆಟಿ ತಿಂಗಳಿನ ಮಂಗಳೂರಿನಲ್ಲಿ ಅರ್ಧ ಗಂಟೆಯೆಂದರೆ ಎರಡು ಮಳೆ, ನಡುವೆ ಒಂದು ಬಿಸಿಲು. ಕಂಕನಾಡಿಯಲ್ಲಿ ತೋಯ್ದವನು ಹಂಪನಕಟ್ಟೆಗೆ ಬಂದು ತಲೆ ಒರೆಸಿಕೊಂಡರೆ ಅಲ್ಲಿನವರು ಸ್ನಾನ ಮಾಡಿ ಬಂದಿರಾ ಎಂದು ಕೇಳುವ ಊರು ಇದು. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204.4 ಮಿಲಿಮೀಟರ್ ಮೀರುವ ಮಳೆಯ ಲೆಕ್ಕ ಹಾಕಿ ರೆಡ್ ಅಲರ್ಟ್ ಕೊಟ್ಟ ದಿನ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನ, ನನ್ನ ಫೋನಿನ ಮೇಲೆ ಮೋಡದ ಹಿಂದಿನಿಂದ ಸೂರ್ಯ ನಗುತ್ತಿದ್ದ. ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗ ಕಿಟಕಿಯ ಕಡೆಗೆ ಕತ್ತು ತಿರುಗಿಸುವ ಬದಲು ಫೋನನ್ನು ನೋಡಿದ ನನಗೆ ಅಷ್ಟಾದರೂ ಶಿಕ್ಷೆ ಬೇಕಿತ್ತು.

ಇಷ್ಟೆಲ್ಲದರ ನಡುವೆ ಭಾವನ ಫೋನಿನ ಆ ಕೆಳಗಿನ ಫಲಕ ಮಾತ್ರ ದಿನವೂ ಸರಿಯಾಗಿಯೇ ಇತ್ತು. ಊಟಕ್ಕೆ ಕುಳಿತಾಗ ಅವರು ಫೋನನ್ನು ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದರು. 11 ದಿನ. ಹೆಂಡತಿ ಸಾರು ಬಡಿಸುತ್ತಾ ನೋಡುತ್ತಿದ್ದಳು. 9 ದಿನ. 6 ದಿನ. ಒಂದು ರಾತ್ರಿ, ಹಲಸಿನ ಗಟ್ಟಿಗೆ ತುಪ್ಪ ಹಾಕುವಾಗ, "ಅಣ್ಣ, ಉಣ್ಣುವಾಗ ಅದನ್ನೊಂದು ಕವುಚಿ ಹಾಕು" ಎಂದಳು. ಅವರು ಏನೂ ಕೇಳದೆ ಕವುಚಿ ಹಾಕಿದರು. ಮರುದಿನದಿಂದ ಊಟದ ಹೊತ್ತಿಗೆ ಫೋನು ಜಗಲಿಯಲ್ಲಿಯೇ ಉಳಿಯುತ್ತಿತ್ತು.

ಅವರನ್ನು ಬಜ್ಪೆಗೆ ಬಿಟ್ಟುಬಂದ ರಾತ್ರಿಯೇ ನಾನು ನನ್ನ ಫೋನನ್ನು ಶುದ್ಧಿ ಮಾಡಲು ಕುಳಿತೆ. ಬೆರಳನ್ನು ಒತ್ತಿ ಹಿಡಿದರೆ 'ತೆಗೆದುಹಾಕಿ' ಎಂದು ಬರುತ್ತದೆ; ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ಎಷ್ಟು ಮರ್ಯಾದೆ ಉಳಿಯುತ್ತಿತ್ತು. ಲೋಟ ಹೋಯಿತು, ಬಳೆ ಹೋಯಿತು, ಚಿನ್ನ ಹೋಯಿತು, ಸೂರ್ಯನೂ ಹೋದ. ಭಾಗವತರನ್ನು ಕೈಮುಗಿದು ಒಳಗೆ ಕಳುಹಿಸಿದೆ. ಮೇಲ್ಗಡೆ ಎರಡು ಸಾಲು ಜಾಗ ನುಂಗಿ ಕುಳಿತಿದ್ದ ಮಸ್ಕತ್ತಿನ ಗಡಿಯಾರದ ಮೇಲೆ ಬೆರಳಿಟ್ಟಾಗ ಹೆಂಡತಿ ಬೆನ್ನ ಹಿಂದೆ ನಿಂತಿದ್ದಳು. "ಅಲ್ಲಿ ಈಗ ಎಷ್ಟು ಗಂಟೆ?" ಎಂದಳು. ನಮ್ಮದರಲ್ಲಿ ಒಂದೂವರೆ ಗಂಟೆ ಕಳೆದರಾಯಿತು, ಅದಕ್ಕೆ ಗಡಿಯಾರವೇಕೆ ಎಂದೆ. "ಕಳೆಯುವುದು ಎಂತದಕ್ಕೆ, ಅದರಲ್ಲೇ ಉಂಟಲ್ಲ" ಎಂದು ನೋಡಿಕೊಂಡು ಒಳಗೆ ಹೋದಳು. ಹಾಗಾಗಿ ಆ ಎರಡು ಸಾಲು ಈಗಲೂ ನನ್ನದಲ್ಲ.

ನಿನ್ನೆ ಅದೇ ಬಸ್ಸು, ಅದೇ ಕಂಡಕ್ಟರ್. ಹೆಬ್ಬೆರಳು ಕೆಳಮೂಲೆಗೆ ಇಳಿಯಿತು, ಲಾಲ್‌ಬಾಗ್ ಬರುವ ಮೊದಲೇ ಹಣ ಹೋಯಿತು. ನಾನು ಸ್ವಲ್ಪ ಹೆಮ್ಮೆಯಿಂದಲೇ ಫೋನನ್ನು ಅವರಿಗೆ ಕಾಣುವಂತೆ ಹಿಡಿದೆ. ಅವರ ಕಣ್ಣು ಕೆಳಮೂಲೆಗೆ ಹೋಗಲೇ ಇಲ್ಲ.

"ಮಸ್ಕತ್ತಿನಲ್ಲಿ ಯಾರು?"

"ಭಾವ."

"ನನ್ನ ತಮ್ಮ ಕುವೈತಿನಲ್ಲಿ," ಎಂದು ಟಿಕೆಟ್ ಹರಿದು ಕೊಟ್ಟರು. "ಅವನಿಗೆ ಈಗ ಆರೂಕಾಲು. ಎದ್ದಿರಲಿಕ್ಕಿಲ್ಲ." ಆಮೇಲೆ ಬಾಗಿಲಿನ ಕಡೆ ತಿರುಗಿ ಸೀಟಿ ಊದಿ, "ರೈಟ್ ಪೋಯಿ" ಎಂದರು.