ಸೌಂಡ್ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋ ತನಕ ಸಸ್ಪೆನ್ಷನ್ ಕಿಟ್ ಹಾಕಿಸ್ಬೇಡಿ

ಹತ್ತು ಹದಿನೈದು ವರ್ಷದ ಸಫಾರಿ, ಸ್ಕಾರ್ಪಿಯೋ, ಬೊಲೆರೊ ಇಟ್ಕೊಂಡಿರೋರು ಯಾರೇ ಸಿಗ್ಲಿ, ಮಾತು ಸುತ್ತಿ ಬಳಸಿ ಮುಂದಗಡೆ ಗಡಗಡ ಸೌಂಡಿಗೇ ಬರುತ್ತೆ. ಏನ್ ಮಾಡಿಸ್ದೆ ಅಂದ್ರೆ "ಫುಲ್ ಸಸ್ಪೆನ್ಷನ್ ಮಾಡಿಸ್ದೆ ಮಾರಾಯ, ಆದ್ರೂ ಹೋಗಿಲ್ಲ" ಅಂತಾರೆ. ಫುಲ್ ಅಂದ್ರೆ ಕಿಟ್ ತಂದು ಶಾಕಬ್ಸರ್, ಜಾಯಿಂಟು, ರಬ್ಬರು ಎಲ್ಲಾ ಒಟ್ಟಿಗೆ ಹೊಸದು. ಹೋಗಿಲ್ಲ ಅಂದ್ಮೇಲೆ ಮಾಡಿಸಿದ್ದು ಯಾತಕ್ಕೆ? ನನ್ನ ಕೇಳಿದ್ರೆ ಇದ್ರಲ್ಲಿ ಮೆಕ್ಯಾನಿಕ್‌ಗಿಂತ ಗಿರಾಕಿಗಳ ಪಾಲೇ ಜಾಸ್ತಿ. ಗಾಡಿ ಕೆಳಗೆ ಮಲಗಿ ಒಂದು ಗಂಟೆ ಹುಡುಕಿ "ಲಿಂಕ್ ರಾಡ್ ಅನ್ನೋ ಸಣ್ಣ ಕಡ್ಡಿ ಒಂದು ಹೋಗಿದೆ ಸಾರ್, ಬಾಕಿ ಎಲ್ಲಾ ಚೆನ್ನಾಗಿದೆ" ಅನ್ನೋನಿಗೆ ಆ ಒಂದು ಗಂಟೆಯ ಕೂಲಿ ಕೊಡೋಕೆ ನಮ್ಗೆ ಕೈ ಬರಲ್ಲ, ಅದೇ ಡಬ್ಬಿ ಡಬ್ಬಿ ಪಾರ್ಟ್ಸ್ ಇಟ್ಟು ಬಿಲ್ ಕೊಟ್ರೆ ತುಟಿ ಪಿಟಕ್ ಅನ್ನದೆ ಕೊಟ್ಟು ಬರ್ತೀವಿ. ಇನ್ನು ಅವ್ನು ಯಾಕಪ್ಪ ಹುಡುಕ್ತಾನೆ, ಬಿಚ್ಚಿ ಹೊಸದು ಹಾಕ್ತಾನೆ ಅಷ್ಟೇ.

ಮೊದಲನೇದಾಗಿ ನಡುಕ ಬೇರೆ, ಸೌಂಡ್ ಬೇರೆ. ಎರಡನ್ನೂ ಸೇರಿಸಿ "ಮುಂದೆ ಏನೋ ಸರಿ ಇಲ್ಲ ನೋಡಿ" ಅಂತ ಕೀ ಕೊಟ್ಟು ಬಂದ್ರೆ ಮುಗೀತು ಕಥೆ. 80ರಿಂದ 100ರ ಮಧ್ಯೆ ಸ್ಟೀರಿಂಗ್ ನಡುಗಿ, ಅದಕ್ಕಿಂತ ಜೋರಾಗಿ ಹೋದಾಗ ಕಮ್ಮಿ ಆಗ್ತಿದ್ರೆ ಮೊದಲು ನೋಡ್ಬೇಕಾದ್ದು ಟೈರು, ರಿಮ್ಮು. ಬ್ಯಾಲೆನ್ಸಿಂಗ್ ವೇಟ್ ಬಿದ್ದೋಗಿರುತ್ತೆ, ಗುಂಡಿಗೆ ಇಳಿದು ರಿಮ್ ಬೆಂಡ್ ಆಗಿರುತ್ತೆ, ಟೈರ್ ಎಲ್ಲೋ ಒಂದ್ಕಡೆ ಉಬ್ಬಿರುತ್ತೆ. ಮಲೆನಾಡು ಕಡೆ ಮಳೆಗಾಲದಲ್ಲಿ ತೋಟದ ರಸ್ತೇಲಿ ಓಡಾಡೋ ಗಾಡಿಗಳದ್ದು ಇನ್ನೊಂದಿದೆ, ರಿಮ್ ಒಳಗಡೆ ಕೆಮ್ಮಣ್ಣು ಮೆತ್ಕೊಂಡು ಒಣಗಿ ಕಲ್ಲಾಗಿರುತ್ತೆ, ಹೈವೇಲಿ ಸ್ಟೀರಿಂಗ್ ಕುಣಿಸೋಕೆ ಒಂದು ಮುಷ್ಟಿ ಮಣ್ಣು ಸಾಕು. ವಾಟರ್ ವಾಶ್ ಹುಡುಗನಿಗೆ ರಿಮ್ ಹಿಂದಗಡೆಗೂ ಹೊಡಿಯಪ್ಪ ಅನ್ನಿ, ಅಷ್ಟರಲ್ಲೇ ಎಷ್ಟೋ ಸಲ ಸರಿಹೋಗುತ್ತೆ. ಸ್ಟೀರಿಂಗ್ ಸುಮ್ನಿದ್ದು ಸೀಟು ನಡುಗ್ತಿದ್ರೆ ಹಿಂದಿನ ಚಕ್ರ ಇಲ್ಲಾ ಅದನ್ನ ಎಂಜಿನ್ ಕಡೆಯಿಂದ ತಿರುಗಿಸೋ ಪ್ರೊಪೆಲ್ಲರ್ ಶಾಫ್ಟ್ ನೋಡ್ಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡಿಸ್ಕು. ಇದ್ಯಾವುದಕ್ಕೂ ಹೊಸ ಶಾಕಬ್ಸರ್ ಔಷಧಿ ಅಲ್ಲ.

ಸೌಂಡ್ ಹುಡುಕೋಕೆ ಮೆಕ್ಯಾನಿಕ್ ಆಗಿರ್ಬೇಕು ಅಂತೇನಿಲ್ಲ, ಸ್ವಲ್ಪ ತಾಳ್ಮೆ ಇದ್ರೆ ಸಾಕು. ಹಂಪ್ ಮೇಲೆ ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತಿ ಇಳಿಸಿ. ಆಮೇಲೆ ಒಂದೇ ಚಕ್ರ ಗುಂಡಿಗೆ ಇಳಿಯೋ ಹಾಗೆ ನಿಧಾನಕ್ಕೆ ಓಡಿಸಿ. ಹಂಪಲ್ಲಿ ಸುಮ್ನಿದ್ದು ಒಂದೇ ಚಕ್ರ ಇಳಿದಾಗ ಕಟಕಟ ಅಂದ್ರೆ ಲಿಂಕ್ ರಾಡ್ ಇಲ್ಲಾ ಸ್ಟೆಬಿಲೈಸರ್ ಬುಷ್ ಮೇಲೇ ಅನುಮಾನ ಪಡಿ. ಸ್ಟೆಬಿಲೈಸರ್ ಅಂದ್ರೆ ತಿರುವಲ್ಲಿ ಗಾಡಿ ಜಾಸ್ತಿ ವಾಲದ ಹಾಗೆ ಎಡ ಬಲ ಎರಡೂ ಕಡೆ ಜೋಡಿಸೋ ಬಾರು, ಲಿಂಕ್ ರಾಡ್ ಅದರ ತುದೀಲಿರುತ್ತೆ, ಬುಷ್ ಅಂದ್ರೆ ಅದನ್ನ ಹಿಡಿದಿರೋ ರಬ್ಬರು. ಎರಡೂ ಕಡೆ ಒಟ್ಟಿಗೆ ಎದ್ರೆ ಆ ಬಾರ್‌ಗೆ ತಿರುಚೋ ಕೆಲ್ಸನೇ ಇಲ್ಲ, ಒಂದು ಕಡೆ ಎದ್ದು ಇನ್ನೊಂದು ಕಡೆ ಇಳಿದಾಗ್ಲೇ ಅದು ಎಳೆದಾಡೋದು. ಖಾತ್ರಿ ಮಾಡ್ಕೊಳ್ಳೋಕೆ ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿಟ್ಟು ಅದೇ ರಸ್ತೇಲಿ ಮೆಲ್ಲಗೆ ಒಂದು ರೌಂಡ್ ಹೋಗಿ, ತಿರುವಲ್ಲಿ ಗಾಡಿ ಜಾಸ್ತಿ ವಾಲುತ್ತೆ ಅದಕ್ಕೇ ಮೆಲ್ಲಗೆ ಅಂದಿದ್ದು. ಸೌಂಡ್ ಹೋಯ್ತಾ? ಸಿಕ್ತು. ಹಾಗೇ ಗಡಗಡ ಅನ್ನೋವಾಗ ಬ್ರೇಕ್ ಪೆಡಲ್ ಮೇಲೆ ಹಗುರಕ್ಕೆ ಕಾಲಿಡಿ, ತಕ್ಷಣ ನಿಂತ್ರೆ ಬ್ರೇಕ್ ಪ್ಯಾಡ್ ಹಿಡಿದಿರೋ ಕ್ಯಾಲಿಪರ್‌ನಲ್ಲಿ ಪ್ಯಾಡ್ ಅಲ್ಲಾಡ್ತಿದೆ, ಕ್ಲಿಪ್ ಬಿದ್ದೋಗಿರ್ಬೇಕು. ಯಾವ ಕಡೆ ಅಂತ ಗೊತ್ತಾಗದಿದ್ರೆ ಕಿಟಕಿ ಇಳಿಸಿ ಉದ್ದದ ಕಾಂಪೌಂಡ್ ಗೋಡೆ ಪಕ್ಕದಲ್ಲಿ ಹೋಗಿ, ಗೋಡೆಗೆ ಹೊಡೆದು ಸೌಂಡ್ ಕಿವಿಗೆ ವಾಪಸ್ ಬರುತ್ತೆ. ಇಷ್ಟೆಲ್ಲಾ ಮಾಡೋಕೆ ಮುಂಚೆ ಜಾಕು, ಎಂಜಿನ್ ಗಾರ್ಡು, ಬ್ಯಾಟರಿ ಕ್ಲಾಂಪು, ನಂಬರ್ ಪ್ಲೇಟು ಕೈಯಲ್ಲಿ ಅಲ್ಲಾಡಿಸಿ ನೋಡಿ, ನಗಬೇಡಿ, ಇವೇ ಆಗಿರುತ್ವೆ ಎಷ್ಟೋ ಸಲ.

ನಿಜಕ್ಕೂ ಭಯ ಪಡ್ಬೇಕಾದ್ದು ಬಾಲ್ ಜಾಯಿಂಟಿಗೆ, ಚಕ್ರವನ್ನ ಗಾಡಿಗೆ ಹಿಡಿದಿರೋ ಆರ್ಮ್ ಅನ್ನೋ ಕಬ್ಬಿಣದ ತೋಳಿಗೂ ಚಕ್ರಕ್ಕೂ ನಡುವಿನ ಕೀಲು ಅದು. ನಮ್ಮ ಭಾವನ ಗಾಡಿಗೆ ಒಂದು ಗ್ಯಾರೇಜಲ್ಲಿ "ಏನೂ ಪ್ಲೇ ಇಲ್ಲ, ಎಲ್ಲೂ ಸಡಿಲ ಆಗಿಲ್ಲ, ಶಾಕಬ್ಸರ್ ಹಾಕ್ಬಿಡಣ" ಅಂದಿದ್ರು. ಚಾಸಿಗೆ, ಅಂದ್ರೆ ಗಾಡಿಯ ಫ್ರೇಮಿಗೆ, ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ ನೋಡಿದ್ರಂತೆ. ಸ್ಪ್ರಿಂಗು ಕೆಳಗಿನ ಆರ್ಮ್ ಮೇಲೆ ಕೂತಿರೋ ಗಾಡಿಗೆ ಹಾಗೆ ಎತ್ತಿದ್ರೆ ಸ್ಪ್ರಿಂಗ್ ಒತ್ತಡ ಜಾಯಿಂಟನ್ನ ಬಿಗಿಯಾಗೇ ಹಿಡಿದಿರುತ್ತೆ, ಸವೆದಿದ್ರೂ ತೋರಿಸ್ಕೊಳ್ಳಲ್ಲ. ಇನ್ನೊಬ್ರು ವಯಸ್ಸಾದ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದೆ, ಅವ್ರು ಜಾಕನ್ನ ಲೋಯರ್ ಆರ್ಮ್ ಕೆಳಗೇ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಟ್ಟು, ಟೈರ್ ಕೆಳಗೆ ಹಾರೆ ಹಾಕಿ ಮೇಲಕ್ಕೆ ಮೀಟಿದ್ರು. ಟಕ್. ಟಕ್. ಜಾಯಿಂಟಿನ ರಬ್ಬರ್ ಬೂಟ್ ಹರಿದು ಒಳಗಿನ ಗ್ರೀಸೆಲ್ಲ ಮಣ್ಣು ಕಲಸ್ಕೊಂಡು ಕೆಂಪಗಾಗಿತ್ತು, ಮೀಟಿದಾಗೆಲ್ಲ ಕಣ್ಣಿಗೇ ಕಾಣೋ ಹಾಗೆ ಎದ್ದು ಕೂರ್ತಿತ್ತು. ಆಮೇಲೆ ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸ್ತಾ ಭಾವನಿಗೆ "ಬ್ರೇಕ್ ಒತ್ತಿ ಹಿಡ್ಕೊಳಿ ಸಾರ್" ಅಂದ್ರು. ಬ್ರೇಕ್ ಒತ್ತಿದ್ರೂ ಅಲ್ಲಾಟ ನಿಲ್ಲಲಿಲ್ಲ. ನಿಂತಿದ್ರೆ ವೀಲ್ ಬೇರಿಂಗ್ ಅಂತೆ, ನಿಲ್ಲದಿದ್ರೆ ಜಾಯಿಂಟು. ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲ್ಲಾಡಿಸಿದಾಗ ಮಾತ್ರ ಪ್ಲೇ ಬಂದ್ರೆ ಸ್ಟೀರಿಂಗಿಂದ ಚಕ್ರ ತಿರುಗಿಸೋ ಟೈ ರಾಡ್ ಕಡೆ ನೋಡ್ಬೇಕು. ಎಲ್ಲಾ ಸೇರಿ ಹಿಡಿದಿದ್ದು ಒಂದು ಟೀ ಕುಡಿಯೋ ಹೊತ್ತು. ಶಾಕಬ್ಸರ್ ಈಗ್ಲೂ ಹಳೇದೇ ಇದೆ, ಆಯಿಲ್ ಲೀಕ್ ಇಲ್ಲ, ಸುಮ್ನೆ ಯಾಕೆ ತೆಗೀಬೇಕು.

ಸ್ಟಾರ್ಮ್‌ಗಿಂತ ಹಿಂದಿನ ಹಳೇ ಸಫಾರಿ, ಕ್ವಾಲಿಸ್ ಥರ ಮುಂದೆ ಕಾಯಿಲ್ ಸ್ಪ್ರಿಂಗ್ ಬದ್ಲು, ತಿರುಚ್ಕೊಂಡು ಸ್ಪ್ರಿಂಗ್ ಕೆಲ್ಸ ಮಾಡೋ ಟಾರ್ಷನ್ ಬಾರ್ ಇರೋ ಗಾಡಿಗಳದ್ದು ಇನ್ನೊಂದು ಗೋಳು. ಅದರ ಬೋಲ್ಟ್ ಟೈಟ್ ಮಾಡಿದ್ರೆ ಮುಂದಗಡೆ ಎತ್ತರ ಆಗುತ್ತೆ ಅಂತ ಗೊತ್ತಾದ್ರೆ ಸಾಕು, ನಮ್ಮ ಹುಡುಗ್ರು ಲುಕ್ಕಿಗೋಸ್ಕರ ತಿರುಗಿಸಿದ್ದೇ ತಿರುಗಿಸಿದ್ದು. ಆಮೇಲೆ ಆರ್ಮ್‌ಗೆ ಕೆಳಕ್ಕೆ ಇಳಿಯೋಕೆ ಜಾಗನೇ ಉಳಿಯಲ್ಲ, ಹಂಪ್ ಇಳಿದಾಗೆಲ್ಲ ಸ್ಟಾಪರ್‌ಗೆ ಹೊಡೆದು ದಡ್ ಅನ್ನುತ್ತೆ. ಅದಕ್ಕೆ ಯಾವ ಕಿಟ್ ಹಾಕಿದ್ರೂ ಅಷ್ಟೇ, ಹೈಟ್ ಇಳಿಸ್ಬೇಕು.

ಆರ್ಮ್‌ಗೆ ಬುಷ್ ಹಾಕಿಸೋರು ಒಂದು ವಿಷಯ ನಿಂತು ನೋಡಿ. ಗಾಡಿ ಜಾಕ್ ಮೇಲಿದ್ದಾಗ, ಚಕ್ರ ನೇತಾಡ್ತಿರೋವಾಗ್ಲೇ ಆರ್ಮ್ ಬೋಲ್ಟ್ ಫುಲ್ ಟೈಟ್ ಮಾಡಿಬಿಡ್ತಾರೆ. ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚ್ಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಬೈಸ್ಕೊಳ್ಳೋದು ಮಾತ್ರ "ಲೋಕಲ್ ಮಾಲು". ಬೋಲ್ಟ್ ಸುಮ್ನೆ ಕೂರಿಸಿ, ಗಾಡಿ ನೆಲಕ್ಕಿಳಿಸಿ, ತೂಕ ಚಕ್ರದ ಮೇಲೆ ಬಂದ್ಮೇಲೆ ಕೊನೇ ಟೈಟು. ಬೆಂಗಳೂರಿನ ಜೆ.ಸಿ. ರೋಡಿಂದ ಎಂಥ ಒರಿಜಿನಲ್ ತಂದ್ರೂ ಇದನ್ನ ಮಾಡದಿದ್ರೆ ದುಡ್ಡು ದಂಡ. ಆಮೇಲೆ ಅಲೈನ್‌ಮೆಂಟ್, ಅದನ್ನ ಹೇಳ್ಬೇಕಾಗಿಲ್ಲ.

ನಾನೀಗ ಗ್ಯಾರೇಜಿಗೆ ಹೋದ್ರೆ ಮೊದಲೇ ಹೇಳ್ಬಿಡ್ತೀನಿ, ಪಾರ್ಟ್ಸ್ ಏನೂ ಹಾಕದಿದ್ರೂ ಚೆಕ್ ಮಾಡಿದ್ದಕ್ಕೆ ಐನೂರು ಕೊಡ್ತೀನಿ, ಆದ್ರೆ ನನ್ನ ಜೊತೆ ಒಂದು ರೌಂಡ್ ಬನ್ನಿ, ಏನು ಅಲ್ಲಾಡ್ತಿದೆ ಅಂತ ಕಣ್ಣಿಗೆ ತೋರಿಸಿ. ಕೆಲವ್ರಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ, ಅಂಥ ಕಡೆ ಗಾಡಿ ಬಿಡಲ್ಲ. ತೋರಿಸಿದ್ಮೇಲೆ ಎಲ್ಲಾ ಒಂದೇ ದಿನ ಮಾಡಿಸ್ಬೇಕು ಅಂತೇನೂ ಇಲ್ಲ. ಲಿಂಕ್ ರಾಡ್ ಸಂಬಳ ಬಂದ್ಮೇಲೆ ಮಾಡಿಸಿದ್ರೂ ನಡೆಯುತ್ತೆ, ಸೌಂಡ್ ಸಹಿಸ್ಕೋಬೇಕು ಅಷ್ಟೇ. ಬಾಲ್ ಜಾಯಿಂಟ್ ಅಲ್ಲಾಡ್ತಿದೆ ಅಂದ್ರೆ ಮಾತ್ರ ಗಾಡಿ ಅಲ್ಲೇ ಬಿಟ್ಟು ಬಸ್ಸಲ್ಲಿ ಮನೆಗೆ ಹೋಗಿ.